ವಿಶ್ವವಿದ್ಯಾಲಯ, ವಿಜ್ಞಾನ ಮತ್ತು ಮೇಲಿನವರ ಫೋನು: ದಾವಣಗೆರೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮೇಲೆ ನನಗೆ ಹೊಸದೊಂದು ಉದ್ಯೋಗ ಅಂಟಿಕೊಂಡಿದೆ. ಬೆಣ್ಣೆ ದೋಸೆಗೆ ಕುಳಿತ ಹೋಟೆಲಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಚಿತ್ರದುರ್ಗದ ಬಸ್ಸಿನಲ್ಲಿ ಯಾರಾದರೊಬ್ಬರು "ಮೇಷ್ಟ್ರೇ, ಕಾಲೇಜುಗಳ ಕಥೆ ಏನು ಇದು?" ಎಂದು ಶುರು ಮಾಡುತ್ತಾರೆ. ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಹೇಳಿ ಗಂಟಲು ಒಣಗಿದ್ದರಿಂದ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ, ಕೆಲವು ಗಿಡ್ಡ. ಪ್ರಶ್ನೆಗಳೂ ಹಾಗೇ ಬಂದವು.

ಶೈಕ್ಷಣಿಕ ಸ್ವಾತಂತ್ರ್ಯ ಎಂದರೆ ಮೇಷ್ಟ್ರು ತರಗತಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳುವ ಹಕ್ಕೇ?

ಅಲ್ಲ. ಬಾಯಿಗೆ ಬಂದದ್ದನ್ನು ಹೇಳಲು ಚುನಾವಣಾ ವೇದಿಕೆಗಳಿವೆ. ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ದ್ಯುತಿಸಂಶ್ಲೇಷಣೆಯೇ ಸುಳ್ಳು ಎಂದರೆ ಅದು ಸ್ವಾತಂತ್ರ್ಯವಲ್ಲ, ಅಜ್ಞಾನ. ಅವರನ್ನು ತಿದ್ದಬೇಕು. ಆದರೆ ತಿದ್ದಬೇಕಾದವರು ಬೇರೆ ಸಸ್ಯಶಾಸ್ತ್ರಜ್ಞರು, ಶಾಸಕರಲ್ಲ, ಆಡಳಿತ ಮಂಡಳಿಯ ಅಧ್ಯಕ್ಷರಲ್ಲ, ಗೇಟಿನ ಮುಂದೆ ಘೋಷಣೆ ಕೂಗುವವರೂ ಅಲ್ಲ. ಏನು ಕಲಿಸಬೇಕು, ಯಾವುದರ ಮೇಲೆ ಸಂಶೋಧನೆ ಮಾಡಬೇಕು, ಏನನ್ನು ಪ್ರಕಟಿಸಬೇಕು, ಯಾರು ಪಾಸು ಯಾರು ಫೇಲು ಎಂಬುದನ್ನು ಆ ವಿಷಯ ಬಲ್ಲವರು ಆ ವಿಷಯದ ಕಟ್ಟುಪಾಡಿನೊಳಗೆ ತೀರ್ಮಾನಿಸಬೇಕು ಎನ್ನುವುದಷ್ಟೇ ಇದರ ತಿರುಳು. ಯುನೆಸ್ಕೊ 1997ರಲ್ಲಿ ಉನ್ನತ ಶಿಕ್ಷಣದ ಬೋಧಕರ ಸ್ಥಾನಮಾನದ ಬಗ್ಗೆ ಒಂದು ಶಿಫಾರಸನ್ನು ಒಪ್ಪಿತು. ಅದೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ.

ಇದನ್ನು ಅಳೆಯುವ ಒಂದು ಅಂತರರಾಷ್ಟ್ರೀಯ ಸೂಚ್ಯಂಕವೂ ಇದೆ. ಸಂಶೋಧನೆ ಮತ್ತು ಬೋಧನೆಯ ಸ್ವಾತಂತ್ರ್ಯ, ವಿದ್ವಾಂಸರ ನಡುವಿನ ವಿನಿಮಯ, ಸಂಸ್ಥೆಯ ಸ್ವಾಯತ್ತತೆ, ಕ್ಯಾಂಪಸ್ಸಿನಲ್ಲಿ ನಿರ್ಭಯ ವಾತಾವರಣ, ಹೊರಗೆ ಮಾತಾಡುವ ಸ್ವಾತಂತ್ರ್ಯ ಎಂಬ ಐದನ್ನು ತಜ್ಞರಿಂದ ತೂಗಿಸಿ ಸೊನ್ನೆಯಿಂದ ಒಂದರವರೆಗೆ ಅಂಕ ಕೊಡುತ್ತಾರೆ. ಸುಮಾರು ಒಂದು ದಶಕದಿಂದ ಭಾರತದ ಅಂಕ ಇಳಿಯುತ್ತ ಬಂದಿದೆ. ತಜ್ಞರ ಅಭಿಪ್ರಾಯ ಥರ್ಮಾಮೀಟರ್ ಅಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಜ್ವರ ಇದೆಯೋ ಇಲ್ಲವೋ ತಿಳಿಯಲು ಹಣೆಯ ಮೇಲೆ ಕೈ ಇಟ್ಟರೂ ಸಾಕಲ್ಲವೇ?

ಇದೆಲ್ಲ ದೆಹಲಿಯ ಗಲಾಟೆ. ದಾವಣಗೆರೆಯಂಥ ಊರಿನಲ್ಲಿ ಇದು ಎಲ್ಲಿ ಬಂತು?

ಒಂದು ಘಟನೆ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ.

2019ರ ಡಿಸೆಂಬರ್ 26, ಗುರುವಾರ. ಬೆಳಿಗ್ಗೆ ಸೂರ್ಯಗ್ರಹಣ. ಮಂಗಳೂರಿನ ಕಡೆ ಕಂಕಣ, ನಮಗೆ ಪಾರ್ಶ್ವ. ವಿಜ್ಞಾನ ಸಂಘದ ಹೊಣೆ ನನ್ನ ಮೇಲಿತ್ತು. ಹುಡುಗರು ಶೂ ಡಬ್ಬಿಗಳಿಗೆ ಸೂಜಿ ತೂತು ಮಾಡಿ, ಎದುರು ಬದಿಗೆ ಬಿಳಿ ಹಾಳೆ ಅಂಟಿಸಿ, ಹತ್ತೊಂಬತ್ತು ಡಬ್ಬಿ ಸಿದ್ಧ ಮಾಡಿದ್ದರು. ಯಾರೋ ಒಬ್ಬಳು "ಸರ್, ಗ್ರಹಣದಲ್ಲಿ ತಿಂದರೆ ಏನೂ ಆಗುವುದಿಲ್ಲ ಎಂದು ತೋರಿಸೋಣ" ಎಂದಳು. ನಮ್ಮೂರಲ್ಲಿ ತಿನ್ನುವುದು ಎಂದರೆ ಇನ್ನೇನು? ಒಂದು ಮೂಟೆ ಮಂಡಕ್ಕಿ, ಈರುಳ್ಳಿ, ಹಸಿಮೆಣಸಿನಕಾಯಿ, ಖಾರಪುಡಿ, ಎಣ್ಣೆ ಬಂದವು.

ಏಳೂವರೆಗೆ ಪ್ರಾಂಶುಪಾಲರು ಕರೆದರು. ಊರಿನ ಮುಖಂಡರೊಬ್ಬರ ಫೋನು ಬಂದಿತ್ತಂತೆ. ಮುಖಂಡರು ಬೈದಿರಲಿಲ್ಲ, ಹೆದರಿಸಿಯೂ ಇರಲಿಲ್ಲ. "ಮಕ್ಕಳಿಗೆ ಯಾಕೆ ಇದೆಲ್ಲ, ಭಾವನೆಗಳಿರುತ್ತವೆ, ನೋಡಿಕೊಳ್ಳಿ" ಎಂದಿದ್ದರು, ಅಷ್ಟೇ. ಲಿಖಿತ ಆದೇಶ ಇಲ್ಲ, ಸುತ್ತೋಲೆ ಇಲ್ಲ. ಪ್ರಾಂಶುಪಾಲರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಡಬ್ಬಿಗಳನ್ನು ಅಂಗಳದ ಬದಲು ಹಿಂಬದಿಯ ಸೈಕಲ್ ಸ್ಟ್ಯಾಂಡಿಗೆ ಸಾಗಿಸಿದೆವು. ಮಂಡಕ್ಕಿ ಮೂಟೆಯ ಬಾಯಿ ಕಟ್ಟಿ ಪ್ರಯೋಗಾಲಯದ ಮೇಜಿನ ಕೆಳಗೆ ತಳ್ಳಿದವನು ನಾನೇ.

ದೆಹಲಿಯಲ್ಲಿ ಬಂಧನವಾದರೆ ಪತ್ರಿಕೆಯಲ್ಲಿ ಬರುತ್ತದೆ. ನಮ್ಮಲ್ಲಿ ಇದು ನಡೆಯುವುದು ಹೀಗೆ, ಸದ್ದಿಲ್ಲದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅತಿಥಿ ಉಪನ್ಯಾಸಕರ ವಿಷಯವನ್ನು ಪ್ರತಿ ಸಲ ಎಳೆದು ತರುತ್ತೀರಿ. ಅದು ಸಂಬಳದ ಪ್ರಶ್ನೆ, ಸ್ವಾತಂತ್ರ್ಯದ್ದಲ್ಲ, ಅಲ್ಲವೇ?

ನನ್ನ ಪ್ರಕಾರ ಎರಡೂ ಒಂದೇ, ಈ ಬರಹದಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನೇ ಇಡಿ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ಹದಿನೈದು, ಇಪ್ಪತ್ತು ವರ್ಷದಿಂದ 'ಅತಿಥಿ'ಗಳಾಗಿಯೇ ಇರುವವರಿದ್ದಾರೆ. ಮನೆಗೆ ಬಂದ ಯಾವ ಅತಿಥಿಯನ್ನೂ ನಾವು ಇಷ್ಟು ದಿನ ಜಗಲಿಯಲ್ಲೇ ಕೂರಿಸುವುದಿಲ್ಲ. 2023ರ ಕೊನೆಯಲ್ಲಿ ಕಾಯಂಗೊಳಿಸಿ ಎಂದು ಅವರು ತರಗತಿ ಬಿಟ್ಟು ಬೀದಿಗೆ ಬಂದಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತುಹೋಯಿತು.

ಅವರ ವರ್ಷ ಹೇಗಿರುತ್ತದೆ ನೋಡಿ. ಸೆಮಿಸ್ಟರ್ ಮುಗಿದರೆ ಬಿಡುಗಡೆ. ಮುಂದಿನ ವರ್ಷಕ್ಕೆ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಮತ್ತೆ 'ಕಾರ್ಯಭಾರ ಎಷ್ಟಿದೆ' ಎಂಬ ಲೆಕ್ಕ. ಮೇ ತಿಂಗಳಲ್ಲಿ ಮನೆ ಬಾಡಿಗೆ ಹೇಗೆ ಕಟ್ಟುವುದು ಎಂಬ ಚಿಂತೆ ಇರುವವರು ಮಾರ್ಚ್ ತಿಂಗಳಲ್ಲಿ ವಿಭಾಗದ ಮುಖ್ಯಸ್ಥರ ಮಾತಿಗೆ ಎದುರಾಡುತ್ತಾರೆಯೇ? ಆಂತರಿಕ ಅಂಕ ಹೆಚ್ಚಿಸಿ ಎಂದು ಶಿಫಾರಸು ಬಂದರೆ ಆಗುವುದಿಲ್ಲ ಎನ್ನುತ್ತಾರೆಯೇ? ಅವರ ಬಾಯಿ ಮುಚ್ಚಿಸಲು ಯಾವ ಕಾನೂನೂ ಬೇಡ. ಕಾಯಂ ನೇಮಕಾತಿ ಮಾಡದೆ ಸುಮ್ಮನಿದ್ದರೆ ಸಾಕು.

ಆ ಗ್ರಹಣದ ದಿನ ಸೈಕಲ್ ಸ್ಟ್ಯಾಂಡಿನಲ್ಲಿ ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿ ಒಬ್ಬರಿದ್ದರು. ತಗಡಿನ ತೂತುಗಳಿಂದ ಇಳಿದ ಬಿಸಿಲು ನೆಲದ ತುಂಬ ಚಿಕ್ಕ ಚಿಕ್ಕ ಕುಡುಗೋಲು ಬಿಡಿಸಿತ್ತು. ಮಕ್ಕಳು ಡಬ್ಬಿ ಮರೆತು ಅದನ್ನೇ ನೋಡುತ್ತಿದ್ದರು. ಆಕೆ ತಮ್ಮ ಊಟದ ಡಬ್ಬಿ ತೆರೆದು, ಬೆಳಿಗ್ಗೆ ಕಟ್ಟಿ ತಂದಿದ್ದ ಚಪಾತಿಯನ್ನು ಸುರುಳಿ ಸುತ್ತಿ, ಗ್ರಹಣ ಹಿಡಿದಿರುವಾಗಲೇ ಮಕ್ಕಳ ಎದುರು ನಿಧಾನವಾಗಿ ತಿಂದು ಮುಗಿಸಿದರು. ಒಂದು ಮಾತೂ ಆಡಲಿಲ್ಲ. ಮರುವರ್ಷದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕಾರ್ಯಭಾರ ಕಡಿಮೆಯಾಗಿದೆ ಎಂದರು. ಆ ವರ್ಷ ಕೋವಿಡ್ ಬಂದು ಎಲ್ಲ ಏರುಪೇರಾಗಿತ್ತು, ಆದ್ದರಿಂದ ಚಪಾತಿಯೇ ಕಾರಣ ಎಂದು ನಾನು ಸಾಧಿಸಲಾರೆ. ಸಾಧಿಸಲಾಗದಂತೆ ಇರುವುದೇ ಈ ವ್ಯವಸ್ಥೆಯ ಜಾಣತನ.

ಕುಲಪತಿಗಳನ್ನು ರಾಜ್ಯಪಾಲರು ನೇಮಿಸಬೇಕೋ, ಮುಖ್ಯಮಂತ್ರಿಗಳೋ?

ಮೊದಲು ಈಗಿನ ನಿಯಮ ಹೇಳುತ್ತೇನೆ. ಶಿವಗಂಗೋತ್ರಿಯ ನಮ್ಮ ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಮೊದಲು ಅದು ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಕಾಲೇಜುಗಳು ಇದಕ್ಕೆ ಸೇರುತ್ತವೆ. ರಾಜ್ಯ ವಿಶ್ವವಿದ್ಯಾಲಯಗಳ 2000ದ ಕಾಯ್ದೆಯಂತೆ ಶೋಧನಾ ಸಮಿತಿ ಮೂವರ ಹೆಸರು ಕೊಡುತ್ತದೆ. ಕುಲಾಧಿಪತಿಗಳಾದ ರಾಜ್ಯಪಾಲರು ರಾಜ್ಯ ಸರ್ಕಾರದ ಸಹಮತಿಯೊಂದಿಗೆ ಒಬ್ಬರನ್ನು ಆರಿಸುತ್ತಾರೆ. ದೆಹಲಿಯಲ್ಲೂ ಬೆಂಗಳೂರಿನಲ್ಲೂ ಒಂದೇ ಪಕ್ಷ ಇದ್ದರೆ 'ಸಹಮತಿ' ಸುಲಭ. ಬೇರೆ ಬೇರೆ ಇದ್ದರೆ ಹಗ್ಗಜಗ್ಗಾಟ.

ಈ ಜಗ್ಗಾಟ ಇತ್ತೀಚೆಗೆ ಬಿರುಸಾಗಿದೆ. 2024ರ ಡಿಸೆಂಬರಿನಲ್ಲಿ ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಗಳೇ ಕುಲಾಧಿಪತಿ ಎನ್ನುವ ತಿದ್ದುಪಡಿಯನ್ನು ವಿಧಾನಮಂಡಲ ಅಂಗೀಕರಿಸಿತು. ಮರು ತಿಂಗಳೇ, 2025ರ ಜನವರಿಯಲ್ಲಿ, ಯುಜಿಸಿ (ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗ) ಒಂದು ಕರಡು ನಿಯಮಾವಳಿ ಹೊರಡಿಸಿತು. ಶೋಧನಾ ಸಮಿತಿಯಲ್ಲಿ ಕುಲಾಧಿಪತಿಗಳ ಕೈ ಮೇಲಾಗುವಂತೆ, ಉದ್ಯಮ ಮತ್ತು ಆಡಳಿತದಿಂದ ಬಂದವರೂ ಕುಲಪತಿಗಳಾಗಬಹುದು ಎನ್ನುವಂತೆ ಅದು ಇತ್ತು. ಫೆಬ್ರವರಿಯಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಬೆಂಗಳೂರಿನಲ್ಲೇ ಸಭೆ ಸೇರಿ ಅದನ್ನು ವಿರೋಧಿಸಿದರು.

ನನ್ನ ಅಭಿಪ್ರಾಯ ಕೇಳಿದರೆ, ಪೆನ್ನು ಯಾರ ಜೇಬಿನಲ್ಲಿದ್ದರೂ ನನಗೆ ಅಷ್ಟೇನೂ ವ್ಯತ್ಯಾಸವಿಲ್ಲ. ಆ ಮೂವರ ಹೆಸರು ಹೇಗೆ ಬಂತು, ಅವರ ಸಂಶೋಧನೆ ಏನು, ಯಾರನ್ನು ಯಾಕೆ ಬಿಟ್ಟರು ಎನ್ನುವುದನ್ನು ಬಹಿರಂಗಪಡಿಸಲು ರಾಜಭವನವೂ ತಯಾರಿಲ್ಲ, ವಿಧಾನಸೌಧವೂ ತಯಾರಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಪೂರ್ಣ ಸಹಮತಿ.

ಆ ಕುರ್ಚಿಯಲ್ಲಿ ಕುಳಿತು ಏನು ಮಾಡಬಹುದು ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಎಚ್. ನರಸಿಂಹಯ್ಯನವರಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ರಚಿಸಿ, ಬಹಳ ದೊಡ್ಡ ಭಕ್ತವೃಂದವಿದ್ದ ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದರು. ಅದು ತುರ್ತುಪರಿಸ್ಥಿತಿಯ ಕಾಲ ಎಂಬುದನ್ನು ಮರೆಯಬೇಡಿ. ಇಂದು ಯಾವ ಕುಲಪತಿಗಳು ಅಂಥ ಪತ್ರಕ್ಕೆ ಸಹಿ ಹಾಕುತ್ತಾರೆ, ನೀವೇ ಹೇಳಿ.

ತೆರಿಗೆ ಹಣ ನಮ್ಮದು. ಸರ್ಕಾರ ಲೆಕ್ಕ ಕೇಳಿದರೆ ಅದೂ ಹಸ್ತಕ್ಷೇಪವೇ?

ಲೆಕ್ಕ ಕೇಳಲಿ. ಕೇಳದಿರುವುದೇ ತಪ್ಪು. ಕಟ್ಟಡದ ಗುತ್ತಿಗೆ, ಉತ್ತರ ಪತ್ರಿಕೆ ಮೌಲ್ಯಮಾಪನದ ಗೋಲ್‌ಮಾಲ್, ನೇಮಕಾತಿಯ ಮೀಸಲಾತಿ ರೋಸ್ಟರ್ ಎಲ್ಲವನ್ನೂ ಕೆದಕಿ ನೋಡಲಿ. ಅಡುಗೆಯವನಿಗೆ ಅಕ್ಕಿ ಎಷ್ಟು ಖರ್ಚಾಯಿತು ಎಂದು ಕೇಳುವುದು ಯಜಮಾನನ ಹಕ್ಕು. ಅನ್ನ ಬೆಂದಿಲ್ಲದಿದ್ದರೂ ಬೆಂದಿದೆ ಎಂದು ಹೇಳು ಎನ್ನುವುದು ಬೇರೆ.

ಪಠ್ಯಕ್ರಮ ಬದಲಾಯಿಸುವುದು ಚುನಾಯಿತ ಸರ್ಕಾರದ ಕೆಲಸವೇ ಅಲ್ಲವೇ?

ದಿಕ್ಕು ಹೇಳುವುದು ಸರ್ಕಾರದ ಕೆಲಸ. ಆದರೆ ನಮ್ಮಲ್ಲಿ ಪಠ್ಯ ಎನ್ನುವುದು ನಾಮಫಲಕದಂತಾಗಿದೆ, ಸರ್ಕಾರ ಬದಲಾದ ಕೂಡಲೇ ಬಣ್ಣ ಬಳಿಯಬೇಕು. ಶಾಲಾ ಪಠ್ಯವನ್ನು 2017ರಲ್ಲಿ ಒಂದು ಸಮಿತಿ ಪರಿಷ್ಕರಿಸಿತು, 2022ರಲ್ಲಿ ಇನ್ನೊಂದು ಸಮಿತಿ ಅದನ್ನು ತಿದ್ದಿತು, 2023ರಲ್ಲಿ ಹೊಸ ಸರ್ಕಾರ ಬಂದು ಆ ತಿದ್ದುಪಡಿಗಳಲ್ಲಿ ಹಲವನ್ನು ಕೈಬಿಟ್ಟಿತು.

ಪದವಿಯಲ್ಲೂ ಹಾಗೇ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದದ್ದು ನಾವು ಎಂದು 2021ರಲ್ಲಿ ಬೀಗಿದೆವು. ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ, ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯಂತೆ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಎರಡೂ ನೀತಿಗಳಲ್ಲಿ ಒಳ್ಳೆಯದಿದೆ, ಕೆಟ್ಟದ್ದಿದೆ, ಅದರ ಚರ್ಚೆ ಬೇರೆ. ನಾನು ಹೇಳುವುದು ವಿಭಾಗದ ಕೋಣೆಯ ಕಥೆ. ಒಂದೇ ಬೀರುವಿನಲ್ಲಿ ಹಳೆಯ ಯೋಜನೆಯ ಬಾಕಿ ವಿದ್ಯಾರ್ಥಿಗಳ ಪ್ರಶ್ನೆಪತ್ರಿಕೆ, ರಾಷ್ಟ್ರೀಯ ನೀತಿಯ ಪಠ್ಯ, ರಾಜ್ಯ ನೀತಿಯ ಪಠ್ಯ ಮೂರೂ ಒಟ್ಟಿಗೆ. ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ಸೋಮವಾರ ಬೆಳಿಗ್ಗೆ ಯಾವ ತರಗತಿಗೆ ಯಾವ ಯೋಜನೆ ಎಂದು ಅಂಗೈ ಮೇಲೆ ಬರೆದುಕೊಂಡು ಹೋಗುತ್ತಿದ್ದರು. ಪಠ್ಯ ರೂಪಿಸುವ ಅಧ್ಯಯನ ಮಂಡಳಿಯಲ್ಲಿ ಕುಳಿತ ಮೇಷ್ಟ್ರುಗಳನ್ನು ಯಾರಾದರೂ ಕೇಳಿದ್ದರೆ ತಾನೇ?

ಇನ್ನು ಡಾರ್ವಿನ್. ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನೂ ಆವರ್ತ ಕೋಷ್ಟಕದ ಅಧ್ಯಾಯವನ್ನೂ ಹೊರೆ ಇಳಿಸುವ ಹೆಸರಿನಲ್ಲಿ ತೆಗೆದರು. 2023ರ ಏಪ್ರಿಲಿನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ವಿಕಾಸವಾದವನ್ನು ಬಿಡಬೇಡಿ ಎಂದು ಬಹಿರಂಗ ಪತ್ರ ಬರೆದರು. ಹನ್ನೆರಡನೆಯ ತರಗತಿಯಲ್ಲಿ ಇದೆಯಲ್ಲ ಎಂಬ ಸಮಾಧಾನ ಬಂತು. ಇದೆ, ಜೀವಶಾಸ್ತ್ರ ತೆಗೆದುಕೊಂಡವರಿಗೆ. ವಾಣಿಜ್ಯಕ್ಕೆ ಹೋದ ಹುಡುಗ, ಹತ್ತಕ್ಕೇ ಓದು ನಿಂತ ಹುಡುಗಿ ಜೀವಜಗತ್ತು ಹೀಗೇಕಿದೆ ಎಂಬುದರ ಉತ್ತರವನ್ನು ಶಾಲೆಯಲ್ಲಿ ಒಮ್ಮೆಯೂ ಕೇಳದೆ ಹೊರಬೀಳುತ್ತಾರೆ. ಸಸ್ಯಶಾಸ್ತ್ರದವನಾಗಿ ಇದನ್ನು ನಾನು ಹೊರೆ ಇಳಿಸುವುದು ಎನ್ನಲಾರೆ. ತೊಲೆ ತೆಗೆದು ಮನೆ ಹಗುರ ಮಾಡಿದಂತಿದೆ.

ಇದೆಲ್ಲ ಒಂದೇ ಪಕ್ಷದ ಕೆಲಸ ಎಂದು ನೇರವಾಗಿ ಹೇಳಲು ಏಕೆ ಹಿಂಜರಿಕೆ?

ಹಿಂಜರಿಕೆಯಿಲ್ಲ, ಈಗ ದೇಶ ಆಳುತ್ತಿರುವವರ ಹೊಣೆ ದೊಡ್ಡದು. 2021ರ ಜನವರಿಯಲ್ಲಿ ದೇಶದ ಆಂತರಿಕ ವಿಷಯಗಳ ಕುರಿತ ಅಂತರರಾಷ್ಟ್ರೀಯ ಆನ್‌ಲೈನ್ ವಿಚಾರಗೋಷ್ಠಿಗೂ ಮುಂಚಿತ ಅನುಮತಿ ಬೇಕು ಎಂದು ಕೇಂದ್ರ ಶಿಕ್ಷಣ ಸಚಿವಾಲಯ ಹೇಳಿತ್ತು. ವಿಜ್ಞಾನ ಅಕಾಡೆಮಿಗಳೇ ಆಕ್ಷೇಪಿಸಿದ ಮೇಲೆ ಫೆಬ್ರವರಿಯಲ್ಲಿ ಹಿಂತೆಗೆದುಕೊಂಡಿತು. ಆದರೆ ರೋಗ ಹಳೆಯದು, ಬಣ್ಣ ನೋಡುವುದಿಲ್ಲ. 2012ರಲ್ಲಿ ಮಮತಾ ಬ್ಯಾನರ್ಜಿ ಸರ್ಕಾರದ ಕಾಲದಲ್ಲಿ ಜಾದವ್‌ಪುರದ ರಸಾಯನಶಾಸ್ತ್ರ ಪ್ರಾಧ್ಯಾಪಕರೊಬ್ಬರನ್ನು ವ್ಯಂಗ್ಯಚಿತ್ರವೊಂದನ್ನು ಇಮೇಲಿನಲ್ಲಿ ಕಳಿಸಿದ್ದಕ್ಕೆ ಬಂಧಿಸಲಾಯಿತು. 2010ರಲ್ಲಿ ಕೇರಳದ ತೊಡುಪುಳದ ಪ್ರಾಧ್ಯಾಪಕ ಟಿ.ಜೆ. ಜೋಸೆಫ್ ಅವರ ಕೈಯನ್ನು ಮತಾಂಧರು ಒಂದು ಪ್ರಶ್ನೆಪತ್ರಿಕೆಗಾಗಿ ಕತ್ತರಿಸಿದರು. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ರಾಮಾಯಣ ಪರಂಪರೆಗಳ ಬಗ್ಗೆ ಬರೆದ ಪ್ರಬಂಧವನ್ನು ದೆಹಲಿ ವಿಶ್ವವಿದ್ಯಾಲಯ 2011ರಲ್ಲಿ ಪಠ್ಯದಿಂದ ಕೈಬಿಟ್ಟಿತು. ನಾಲ್ವರು ತಜ್ಞರಲ್ಲಿ ಮೂವರು ಇರಲಿ ಎಂದಿದ್ದರು. ಆಗ ಕೇಂದ್ರದಲ್ಲಿ ಯಾರ ಸರ್ಕಾರವಿತ್ತು ಎಂದು ನೆನಪಿಸಿಕೊಳ್ಳಿ.

ನಮ್ಮ ಎಂ.ಎಂ. ಕಲಬುರ್ಗಿಯವರ ಹೆಸರು ಹೇಳದೆ ಮುಂದೆ ಹೋಗಲಾರೆ. 1989ರಲ್ಲಿ ವಚನ ಸಾಹಿತ್ಯಕ್ಕೆ ಸಂಬಂಧಿಸಿದ ತಮ್ಮ ಸಂಶೋಧನೆಯ ಒಂದು ಭಾಗವನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡಿದ್ದರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ವಚನಗಳನ್ನು ಮನೆಮಾತಿನಂತೆ ಆಡುವ ನಮ್ಮ ಎರಡು ಜಿಲ್ಲೆಗಳಲ್ಲಿ ಆ ವಾರ ಸ್ಟಾಫ್ ರೂಮುಗಳು ಎಷ್ಟು ಮೌನವಾಗಿದ್ದವು ಎಂಬುದನ್ನು ಅಲ್ಲಿ ಕುಳಿತಿದ್ದವರು ಮರೆತಿರಲಾರರು.

ಸರ್ಕಾರ ವಿಜ್ಞಾನದಲ್ಲಿ ಕೈ ಆಡಿಸಿದರೆ ಸಾಮಾನ್ಯರಿಗೆ ಆಗುವ ನಷ್ಟವೇನು? ನಮಗೆ ಮೆಕ್ಕೆಜೋಳದ ದರ ಮುಖ್ಯ.

ಈ ಪ್ರಶ್ನೆ ಎಪಿಎಂಸಿಯಲ್ಲಿ ಬಂತು. ಕೇಳಿದ ರೈತರ ಕಾಲ ಬಳಿ ಹೈಬ್ರಿಡ್ ಬೀಜದ ಖಾಲಿ ಚೀಲವೂ ಬಿದ್ದಿತ್ತು. ಉತ್ತರ ಆ ಚೀಲದಲ್ಲೇ ಇದೆ ಎಂದೆ.

ಸೋವಿಯತ್ ರಷ್ಯಾದಲ್ಲಿ ನಿಕೊಲಾಯ್ ವಾವಿಲೊವ್ ಎಂಬ ಸಸ್ಯವಿಜ್ಞಾನಿ ಇದ್ದರು. ಪ್ರಪಂಚ ಸುತ್ತಿ ಬೆಳೆಗಳ ಬೀಜ ಕೂಡಿಸಿ ಲೆನಿನ್‌ಗ್ರಾಡಿನಲ್ಲಿ ದೊಡ್ಡ ಬೀಜಭಂಡಾರ ಕಟ್ಟಿದವರು. ಅದೇ ಕಾಲದಲ್ಲಿ ಟ್ರೊಫಿಮ್ ಲೈಸೆಂಕೊ ಎಂಬಾತ ಮೆಂಡಲನ ಅನುವಂಶೀಯ ನಿಯಮಗಳೆಲ್ಲ ಬಂಡವಾಳಶಾಹಿ ಕಟ್ಟುಕಥೆ ಎಂದ, ಬೀಜವನ್ನು ಚಳಿಗೆ ಒಡ್ಡಿ ಹದ ಮಾಡಿದರೆ ಬೆಳೆಯ ಗುಣವನ್ನೇ ಬದಲಿಸಬಹುದು ಎಂದ. ಸ್ಟಾಲಿನ್‌ಗೆ ಅದು ಹಿಡಿಸಿತು. 1940ರಲ್ಲಿ ವಾವಿಲೊವ್ ಬಂಧನವಾಯಿತು. ಜಗತ್ತಿಗೆ ಅನ್ನದ ಬೀಜ ಕೂಡಿಟ್ಟ ಮನುಷ್ಯ 1943ರಲ್ಲಿ ಸರಾತೊವ್ ಜೈಲಿನಲ್ಲಿ ಅನ್ನವಿಲ್ಲದೆ ಸೊರಗಿ ಸತ್ತರು. 1948ರಲ್ಲಿ ಲೈಸೆಂಕೊ ಹೇಳಿದ್ದೇ ಅಧಿಕೃತ ಜೀವಶಾಸ್ತ್ರವಾಯಿತು. ತಳಿವಿಜ್ಞಾನಿಗಳು ಕೆಲಸ ಕಳೆದುಕೊಂಡರು. 1960ರ ದಶಕದ ಮಧ್ಯದವರೆಗೆ ಆ ದೇಶ ತಳಿವಿಜ್ಞಾನದಲ್ಲಿ ಹಿಂದೆಯೇ ಉಳಿಯಿತು. ಅಮೆರಿಕದ ಹೊಲಗಳಲ್ಲಿ ಆ ಹೊತ್ತಿಗೆ ಹೈಬ್ರಿಡ್ ಮೆಕ್ಕೆಜೋಳ ಹರಡಿಯಾಗಿತ್ತು, ಮೆಂಡಲನ ಲೆಕ್ಕದ ಮೇಲೆಯೇ. ನಿಮ್ಮ ಕಾಲ ಬಳಿಯ ಚೀಲ ಬಂದದ್ದು ಆ ದಾರಿಯಿಂದ, ಲೈಸೆಂಕೊ ದಾರಿಯಿಂದಲ್ಲ.

ಇನ್ನೊಂದು ಕಥೆ ನಮ್ಮ ರಾಜ್ಯದ್ದೇ. 1933ರ ಏಪ್ರಿಲಿನಲ್ಲಿ ಹಿಟ್ಲರ್ ಸರ್ಕಾರ ಒಂದು ಕಾನೂನು ತಂದು ಯಹೂದಿ ಪ್ರಾಧ್ಯಾಪಕರನ್ನು ಹೊರಹಾಕಿತು. ಗಾಟಿಂಗೆನ್‌ನಲ್ಲಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ದೇಶ ಬಿಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಬಾರ್ನ್ ಅವರನ್ನು ಇಲ್ಲಿಗೆ ಕರೆಸಿಕೊಂಡರು. 1935-36ರಲ್ಲಿ ಸುಮಾರು ಆರು ತಿಂಗಳು ಬಾರ್ನ್ ಬೆಂಗಳೂರಿನಲ್ಲಿದ್ದರು. ಬಾರ್ನ್ ಅವರಿಗೆ ಕಾಯಂ ಹುದ್ದೆ ಕೊಡಲು ರಾಮನ್ ಹೊರಟರೆ ಸಂಸ್ಥೆಯ ಒಳಗಿನವರೇ ಅಡ್ಡಗಾಲು ಹಾಕಿದರು. ಬಾರ್ನ್ ಎಡಿನ್‌ಬರೊಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ರಾಮನ್ 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಒಂದು ದೇಶದ ಹುಚ್ಚು ಇನ್ನೊಂದು ದೇಶಕ್ಕೆ ಭಾಗ್ಯವಾಗಬಹುದಿತ್ತು. ಬಾಗಿಲಿಗೆ ಬಂದ ಭಾಗ್ಯವನ್ನು ನಾವು ಸಮಿತಿ ರಾಜಕೀಯದಲ್ಲಿ ಹಿಂದೆ ಕಳಿಸಿದೆವು. ಕೆಡಿಸಲು ಯಾವಾಗಲೂ ಮಂತ್ರಿಗಳೇ ಬೇಕೆಂದಿಲ್ಲ.

ಚಳ್ಳಕೆರೆಯ ಕುದಾಪುರದಲ್ಲಿ ಸರ್ಕಾರ ವಿಜ್ಞಾನಕ್ಕೆ ಅಷ್ಟು ಜಮೀನು ಕೊಟ್ಟಿದೆ. ಇದು ಬೆಂಬಲವಲ್ಲವೇ?

ಬೆಂಬಲವೇ. ಭಾರತೀಯ ವಿಜ್ಞಾನ ಸಂಸ್ಥೆಗೆ ಅಲ್ಲಿ 1,500 ಎಕರೆಯ ಆವರಣವಿದೆ. ರಾಜ್ಯದ ಎಷ್ಟೋ ವಿಜ್ಞಾನ ಶಿಕ್ಷಕರು ಅಲ್ಲಿಗೆ ಹೋಗಿ ತರಬೇತಿ ಪಡೆದು ಬಂದಿದ್ದಾರೆ. ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಸಂಸ್ಥೆಗೆ ಅಲ್ಲಿರುವ ಪರೀಕ್ಷಾ ವಲಯದ ರನ್‌ವೇಯಲ್ಲಿ ಇಸ್ರೊ ತನ್ನ ಮರುಬಳಕೆಯ ರೆಕ್ಕೆಯ ವಾಹನವನ್ನು 2023ರ ಏಪ್ರಿಲಿನಲ್ಲಿ ಮೊದಲ ಸಲ, 2024ರಲ್ಲಿ ಇನ್ನೆರಡು ಸಲ ಇಳಿಸಿತು. ಆಕಾಶದಿಂದ ಬಿಟ್ಟದ್ದು ತಾನಾಗಿ ಬಂದು ನೆಲ ಮುಟ್ಟಿದ್ದನ್ನು ನೋಡಿ ನಾನೂ ಟಿವಿ ಮುಂದೆ ಚಪ್ಪಾಳೆ ತಟ್ಟಿದೆ.

ಆದರೆ ಆ ನೆಲ ಬರಿಯ ಬಯಲಲ್ಲ, ಅಮೃತ್ ಮಹಲ್ ಕಾವಲು, ಆ ತಳಿಯ ದನಗಳಿಗೆಂದು ಹಿಂದಿನಿಂದ ಬಿಟ್ಟ ಹುಲ್ಲುಗಾವಲು. ಹತ್ತು ಸಾವಿರ ಎಕರೆಯ ಆಸುಪಾಸು ಕಾವಲನ್ನು ಹಂಚಿದಾಗ ಸುತ್ತಲಿನ ಹಳ್ಳಿಗಳ ದನ ಕುರಿಗಳ ಮೇವು ಹೋಯಿತು. ಚಳ್ಳಕೆರೆಯ ಕರಿಕಂಬಳಿ ನೇಯುವವರಿಗೆ ಉಣ್ಣೆ ಬರುವುದು ಆ ಕುರಿಗಳಿಂದಲೇ. ಬೇಲಿ ಹಾಕಿದಾಗ ಜನ ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಸರ್ಕಾರಿ ಕಡತಗಳಲ್ಲಿ ಹುಲ್ಲುಗಾವಲು ಎಂದರೆ ಖಾಲಿ ಜಾಗ. ಸಸ್ಯಶಾಸ್ತ್ರದಲ್ಲಿ ಅದು ಕಾಡಿನಷ್ಟೇ ಪೂರ್ಣವಾದ ಜೀವಲೋಕ. ಈ ಮಾತನ್ನು ಯಾರು ಹೇಳಬೇಕಿತ್ತು? ನಮ್ಮ ಕಡೆಯ ಕಾಲೇಜುಗಳ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗಗಳು ಹೇಳಬೇಕಿತ್ತು. ದೇಶದ ರಕ್ಷಣೆಯ ವಿಷಯ, ನಮಗೇಕೆ ಎಂದು ಸುಮ್ಮನಿದ್ದೆವು. ವಿಜ್ಞಾನಕ್ಕೆ ಬೇಕಾದದ್ದು ಜಮೀನು ಮತ್ತು ಅನುದಾನ ಮಾತ್ರವಲ್ಲ. ಕೊಟ್ಟವರ ಎದುರೇ 'ಇಲ್ಲಿ ಈ ಹುಲ್ಲು ಬೆಳೆಯುತ್ತದೆ' ಎಂದು ವರದಿ ಬರೆಯುವ ಧೈರ್ಯವೂ ಬೇಕು.

ಮಗಳನ್ನು ಎಂ.ಎಸ್.ಗೆ ಅಮೆರಿಕಕ್ಕೆ ಕಳಿಸಬೇಕೆಂದಿದ್ದೆವು. ಅಲ್ಲಿಯೂ ಹೀಗೆಯೇ ಎನ್ನುತ್ತಾರಲ್ಲ?

ವಿದ್ಯಾನಗರದ ಪ್ರತಿ ಎರಡನೆಯ ಮನೆಯ ಪ್ರಶ್ನೆ ಇದು. 2025ರಲ್ಲಿ ಟ್ರಂಪ್ ಆಡಳಿತ ವಿಶ್ವವಿದ್ಯಾಲಯಗಳ ಸಂಶೋಧನಾ ಅನುದಾನವನ್ನೇ ಮೂಗುದಾರ ಮಾಡಿಕೊಂಡಿತು. ಮಾರ್ಚ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ 40 ಕೋಟಿ ಡಾಲರ್ ತಡೆಯಿತು, ಜುಲೈನಲ್ಲಿ ಆ ವಿಶ್ವವಿದ್ಯಾಲಯ 20 ಕೋಟಿ ಡಾಲರಿಗೂ ಹೆಚ್ಚು ಕಟ್ಟಲು ಒಪ್ಪಿ ರಾಜಿಯಾಯಿತು. ಹಾರ್ವರ್ಡ್ ಏಪ್ರಿಲಿನಲ್ಲಿ ಷರತ್ತುಗಳನ್ನು ಒಪ್ಪಲಿಲ್ಲ, 220 ಕೋಟಿ ಡಾಲರ್ ಅನುದಾನಕ್ಕೆ ತಡೆ ಬಿತ್ತು. ಮೇ ತಿಂಗಳಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿಯನ್ನೇ ರದ್ದು ಮಾಡಲಾಯಿತು, ನ್ಯಾಯಾಲಯ ಅದನ್ನು ತಡೆಯಿತು. ಸೆಪ್ಟೆಂಬರಿನಲ್ಲಿ ಅನುದಾನ ಕಡಿತವೂ ಕಾನೂನುಬಾಹಿರ ಎಂದು ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟರು.

ನಿಮಗೆ ಮುಖ್ಯವಾದದ್ದು ವೀಸಾ. ಆ ವರ್ಷ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾ ಸಂದರ್ಶನಗಳ ಹೊಸ ದಿನಾಂಕ ಕೊಡುವುದನ್ನು ನಿಲ್ಲಿಸಿ, ಜೂನ್‌ನಲ್ಲಿ ಮತ್ತೆ ಶುರು ಮಾಡುವಾಗ ಅರ್ಜಿದಾರರು ಸಾಮಾಜಿಕ ಮಾಧ್ಯಮದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಎಂದರು. ಕಳಿಸಬೇಡಿ ಎಂದು ನಾನು ಹೇಳುವುದಿಲ್ಲ. ಹೋಗುವ ವಿಭಾಗದ ಮಾರ್ಗದರ್ಶಕರ ಅನುದಾನ ಯಾವ ಮೂಲದ್ದು, ಎಷ್ಟು ವರ್ಷಕ್ಕೆ ಖಾತರಿ ಎಂದು ಮಗಳೇ ಇಮೇಲ್ ಬರೆದು ಕೇಳಲಿ. ಸಾಲ ತೆಗೆಯುವ ಮೊದಲು ಉತ್ತರ ಬರಲಿ. ಅಲ್ಲಿನ ವ್ಯತ್ಯಾಸ ಒಂದು ಕಂಡಿತು: ಸಂಸ್ಥೆಯೊಂದು ಸರ್ಕಾರವನ್ನು ಕೋರ್ಟಿಗೆ ಎಳೆಯಿತು. ನಮ್ಮಲ್ಲಿ ವಿಶ್ವವಿದ್ಯಾಲಯದ ಆಡಳಿತ ನೋಡುವ ಸಿಂಡಿಕೇಟ್ ಹಾಗೆ ತೀರ್ಮಾನಿಸಿದ ಸಭೆಯನ್ನು ನಾನಂತೂ ಕಂಡಿಲ್ಲ.

ಶುಲ್ಕ ಏರಿಕೆಗೂ ಇದಕ್ಕೂ ಸಂಬಂಧವಿದೆಯೇ?

ಇದೆ. 1951ರಲ್ಲಿ ಶುರುವಾದ ನಮ್ಮ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅರ್ಧದಷ್ಟು ಸೀಟುಗಳನ್ನು ಪೇಮೆಂಟ್ ಕೋಟಾ ಮಾಡಿದ್ದಕ್ಕೆ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಸರ್ಕಾರ ಹಣ ಕೊಡದೆ 'ನೀವೇ ದುಡಿದುಕೊಳ್ಳಿ' ಎಂದಾಗ ಸಂಸ್ಥೆ ಶುಲ್ಕಕ್ಕೆ ಕೈ ಹಾಕುತ್ತದೆ, ಶುಲ್ಕ ಬಾರದ ವಿಷಯಗಳು ಸೊರಗುತ್ತವೆ. ಮೊದಲು ಸಾಯುವುದು ಸಸ್ಯಶಾಸ್ತ್ರದಂಥವು. ಪಕ್ಕದ ಹಾವೇರಿಯದೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರ ಆರಂಭದಲ್ಲಿ ಬಂತು. ಹಣವಿಲ್ಲ ಎಂಬುದು ಕಾರಣ. ಹುಟ್ಟಿಸಿದ್ದೂ ಅವಸರದಲ್ಲಿ, ಮುಚ್ಚುವ ಮಾತೂ ಅವಸರದಲ್ಲಿ.

ಕಾನೂನಿನ ರಕ್ಷಣೆ ಏನೂ ಇಲ್ಲವೇ?

ಜರ್ಮನಿಯ ಸಂವಿಧಾನದಂತೆ ಸಂಶೋಧನೆ ಮತ್ತು ಬೋಧನೆಯ ಸ್ವಾತಂತ್ರ್ಯವನ್ನು ಹೆಸರಿಸಿ ಹೇಳುವ ವಿಧಿ ನಮ್ಮಲ್ಲಿಲ್ಲ. 19ನೆಯ ವಿಧಿಯ ವಾಕ್ ಸ್ವಾತಂತ್ರ್ಯವೇ ಆಸರೆ. ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರಜೆಯ ಕರ್ತವ್ಯ ಎಂದು 51ಎ ವಿಧಿ 1976ರಿಂದ ಹೇಳುತ್ತಿದೆ. ಇನ್ನೊಂದು ಕಡೆ ಸರ್ಕಾರಿ ನೌಕರರ ನಡತೆ ನಿಯಮ ಸರ್ಕಾರದ ನೀತಿಯನ್ನು ಟೀಕಿಸಬೇಡ ಎನ್ನುತ್ತದೆ. ಮೇಷ್ಟ್ರು ಎರಡರ ನಡುವೆ ಸಿಕ್ಕಿದ್ದಾರೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದರೆ ಅಶೋಕನ ಶಾಸನ ನೋಡಿ ಬನ್ನಿ. ಶಿಷ್ಯನು ಗುರುವನ್ನು ಗೌರವಿಸಬೇಕು, ಸತ್ಯ ಹೇಳಬೇಕು ಎಂದು ಅರಸ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಅರಸ ಗುರುವಿನ ತಂಟೆಗೆ ಹೋಗಬಾರದು ಎಂದು ಕೆತ್ತಿಸಿದ ಬಂಡೆ ನಮ್ಮ ಜಿಲ್ಲೆಗಳಲ್ಲಿ ಎಲ್ಲೂ ಸಿಕ್ಕಿಲ್ಲ.

ಪೋಷಕರು, ವಿದ್ಯಾರ್ಥಿಗಳು ಏನು ಮಾಡಬಹುದು?

ದೊಡ್ಡ ಮಾತು ಬೇಡ. ಕಾಲೇಜಿಗೆ ಹೋದಾಗ ಕಟ್ಟಡ ನೋಡಿ ಬರಬೇಡಿ, ನನ್ನ ಮಗನಿಗೆ ಪಾಠ ಮಾಡುವವರಲ್ಲಿ ಕಾಯಂ ಎಷ್ಟು, ಅತಿಥಿ ಎಷ್ಟು ಎಂದು ಕೇಳಿ. ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, 30 ದಿನದಲ್ಲಿ ಉತ್ತರ ಬರಬೇಕು. ಪಠ್ಯದಿಂದ ಏನಾದರೂ ಬಿದ್ದುಹೋದರೆ ಅಧ್ಯಯನ ಮಂಡಳಿಯ ನಡಾವಳಿಯ ಪ್ರತಿ ಕೇಳಿ, ಯಾರ ಸಲಹೆ ಎಂಬುದು ಅಲ್ಲಿರುತ್ತದೆ ಅಥವಾ ಇರುವುದಿಲ್ಲ, ಎರಡೂ ಉತ್ತರವೇ. ಮೇಷ್ಟ್ರುಗಳಿಗೆ ಒಂದು ಮಾತು: ಫೋನು ಬಂದರೆ "ದಯವಿಟ್ಟು ಬರವಣಿಗೆಯಲ್ಲಿ ಕೊಡಿ" ಎನ್ನಿ. ನೂರಕ್ಕೆ ತೊಂಬತ್ತು ಫೋನುಗಳು ಅಲ್ಲಿಗೇ ನಿಲ್ಲುತ್ತವೆ ಎಂದು ನನ್ನ ಅಂದಾಜು. ನಾನು ಪರೀಕ್ಷಿಸಿ ನೋಡಿದವನಲ್ಲ.

ಹಾಗಾದರೆ ನೀವು ಸೇವೆಯಲ್ಲಿದ್ದಾಗ ಏಕೆ ಮಾತಾಡಲಿಲ್ಲ?

ಇದನ್ನು ಕೇಳಿದ್ದು ನನ್ನ ಹಳೆಯ ವಿದ್ಯಾರ್ಥಿ, ಅದೂ ಎಲ್ಲರೆದುರು. ಉತ್ತರ ಗಿಡ್ಡ: ಹೆದರಿದ್ದೆ. ನಾನು ಕಾಯಂ ನೌಕರ, ಯಾರೂ ನನ್ನನ್ನು ತೆಗೆಯುತ್ತಿರಲಿಲ್ಲ. ಹೆಚ್ಚೆಂದರೆ ದೂರದ ಊರಿಗೆ ವರ್ಗ ಮಾಡುತ್ತಿದ್ದರು. ನಿವೃತ್ತಿಗೆ ಎರಡು ವರ್ಷವಿತ್ತು, ಮನೆಸಾಲ ಇತ್ತು. ತೆಗೆಯಲು ಸಾಧ್ಯವಿದ್ದವರು ಚಪಾತಿ ತಿಂದರು, ತೆಗೆಯಲು ಸಾಧ್ಯವಿಲ್ಲದವನು ಮಂಡಕ್ಕಿ ಮೂಟೆ ಕಟ್ಟಿದ. ಅವರ ಹೆಸರು ಪಟ್ಟಿಯಲ್ಲಿ ಏಕಿಲ್ಲ ಎಂದೂ ನಾನು ಕೇಳಲಿಲ್ಲ.

ಈಗ ಅವರು ಪಿಯು ಮಕ್ಕಳಿಗೆ ಮನೆಯಲ್ಲೇ ಟ್ಯೂಷನ್ ಹೇಳುತ್ತಾರೆ. ಮೊನ್ನೆ ತರಕಾರಿ ಮಾರುಕಟ್ಟೆಯಲ್ಲಿ ಸಿಕ್ಕರು. ಬೈಯುತ್ತಾರೇನೋ ಎಂದುಕೊಂಡೆ. "ಸರ್, ಶೂ ಡಬ್ಬಿ ಕೂಡಿಸಿಡಿ, 2027ರ ಆಗಸ್ಟ್ 2ಕ್ಕೆ ಸಂಜೆ ಹೊತ್ತು ಪಾರ್ಶ್ವ ಗ್ರಹಣ ಇದೆ" ಎಂದರು. ಮನೆಗೆ ಬಂದು ಕ್ಯಾಲೆಂಡರ್ ಲೆಕ್ಕ ಹಾಕಿದೆ. ಸೋಮವಾರ. ಕಾಲೇಜು ಇರುತ್ತದೆ.